ತಟ್ಟೆಯಲ್ಲೊಂದು ಸೂಯೆಜ್: ಕಾಲುವೆ ದಾಟುವ ಯುದ್ಧವನ್ನು ಮರಳಲ್ಲಿ ಮಾಡಿ ನೋಡುವುದು ಹೇಗೆ

ಯುದ್ಧದ ಇತಿಹಾಸ ಓದುವಾಗ "ಸೈನಿಕರು ಕಾಲುವೆ ದಾಟಿದರು" ಅಂತ ಒಂದು ಸಾಲು ಬರುತ್ತದೆ. ಓದಿ ಮುಂದೆ ಹೋಗುತ್ತೇವೆ. ಆ ಒಂದೇ ಸಾಲಿನಲ್ಲಿ ಎಷ್ಟು ಗಂಟೆ, ಎಷ್ಟು ಮರಳು, ಎಷ್ಟು ಜನರ ಜೀವ ಇದೆ ಅಂತ ನನಗೆ ಗೊತ್ತಾಗಿದ್ದು ಟೆರೇಸ್ ಮೇಲೆ ಮರಳು ಹರಡಿಕೊಂಡು ಕೂತ ಒಂದು ಭಾನುವಾರ. ಸೈನ್ಯದಲ್ಲಿ ಇದಕ್ಕೆ ಸ್ಯಾಂಡ್ ಮಾಡೆಲ್ ಅಂತಾರೆ. ದಾಳಿಗೆ ಮುಂಚೆ ಅಧಿಕಾರಿಗಳು ನೆಲದ ಮೇಲೆ ಮರಳಲ್ಲಿ ಊರು, ಗುಡ್ಡ, ಹೊಳೆ ಎಲ್ಲ ಮಾಡಿ ಜವಾನರಿಗೆ ತೋರಿಸುತ್ತಾರೆ. ಅದನ್ನೇ ನೀವು ಮನೆಯಲ್ಲಿ ಮಾಡಬಹುದು. ಹೈಸ್ಕೂಲ್ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಅರ್ಧ ದಿನ ಸಾಕು.

ಮೊದಲ ಸಲ ಮಾಡೋರಿಗೆ 1973ರ ಅಕ್ಟೋಬರ್ 6ರ ಸೂಯೆಜ್ ಕಾಲುವೆಯೇ ಒಳ್ಳೆಯದು. 1967ರ ಯುದ್ಧದಲ್ಲಿ ಇಸ್ರೇಲ್ ಸಿನಾಯ್ ಮರುಭೂಮಿಯನ್ನೆಲ್ಲ ಹಿಡಿದುಕೊಂಡು ಕಾಲುವೆಯ ಪೂರ್ವ ದಡದಲ್ಲಿ ಕೂತಿತ್ತು. ಈಜಿಪ್ಟ್ ಪಶ್ಚಿಮ ದಡದಲ್ಲಿ. ಆರು ವರ್ಷ ಎರಡು ಸೈನ್ಯಗಳೂ ನೀರಿನ ಆಚೆ ಈಚೆ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಇದ್ದವು. ಆಮೇಲೆ ಒಂದು ಮಧ್ಯಾಹ್ನ ಈಜಿಪ್ಟಿನ ಐದು ಕಾಲಾಳು ಡಿವಿಷನ್‌ಗಳು ಒಟ್ಟಿಗೆ ದಾಟಿಬಿಟ್ಟವು.

ಸಾಮಾನು ಮತ್ತು ಅಳತೆ

ಒಂದು ಮೀಟರ್ ಉದ್ದದ ಹಲಗೆ ಬೇಕು, ಹಳೆ ಪ್ಲೈವುಡ್ ಆದರೂ ನಡೆಯುತ್ತದೆ. ಜರಡಿ ಹಿಡಿದ ಮರಳು ಒಂದು ಬಕೆಟ್, ಜೇಡಿಮಣ್ಣು ಅರ್ಧ ಬಕೆಟ್, ನೀಲಿ ಬಟ್ಟೆ ಅಥವಾ ಕಾಗದ, ಸೂಜಿ ತೆಗೆದ ದೊಡ್ಡ ಸಿರಿಂಜ್, ಸೀಮೆಸುಣ್ಣ, ಟೇಪು. ಅಡುಗೆಮನೆಯಿಂದ ಸಾಸಿವೆ ಮತ್ತು ಕಡಲೆಬೇಳೆ.

ಅಳತೆ ಒಂದು ಸೆಂಟಿಮೀಟರಿಗೆ 10 ಮೀಟರ್. ಇದನ್ನು ಮಾತ್ರ ಬದಲಾಯಿಸಬೇಡಿ, ಯಾಕೆಂದರೆ ಈ ಅಳತೆಯಲ್ಲಿ ಒಬ್ಬ ಮನುಷ್ಯ ಸರಿಯಾಗಿ ಒಂದು ಸಾಸಿವೆ ಕಾಳಿನಷ್ಟು ಬರುತ್ತಾನೆ, ಒಂದು ಟ್ಯಾಂಕ್ ಹೆಚ್ಚುಕಡಿಮೆ ಒಂದು ಕಡಲೆಬೇಳೆಯಷ್ಟು. ಕಾಲುವೆಯ ಅಗಲ ಅಲ್ಲಿ 180ರಿಂದ 220 ಮೀಟರ್ ಇತ್ತು. ಹಾಗಾಗಿ ಹಲಗೆಯ ನಡುವೆ 20 ಸೆಂಟಿಮೀಟರ್ ಅಗಲದ ನೀಲಿ ಬಟ್ಟೆ ಹಾಸಿ. ಹಲಗೆಯ ಉದ್ದ ಅಂದರೆ ಕಾಲುವೆ ದಡದ ಒಂದು ಕಿಲೋಮೀಟರ್. ಇಡೀ ಕಾಲುವೆ ಮಾಡಬೇಕು ಅಂದರೆ ಹಲಗೆ 160 ಮೀಟರ್ ಉದ್ದ ಬೇಕಾಗುತ್ತಿತ್ತು, ಅದು ನಮ್ಮ ಬೀದಿಗಿಂತ ಜಾಸ್ತಿ.

ಈಗ ಪೂರ್ವ ದಡದಲ್ಲಿ, ನೀರಿನ ಅಂಚಿಗೇ, ಒದ್ದೆ ಮರಳಿನ ಒಂದು ದಿಬ್ಬ ಕಟ್ಟಿ. ಎತ್ತರ ಎರಡು ಸೆಂಟಿಮೀಟರ್, ಅಂದರೆ ಒಂದು ಹೆಬ್ಬೆರಳು ಅಗಲದಷ್ಟು. ಒಣ ಮರಳಲ್ಲಿ ಕಟ್ಟಿದರೆ ಜಾರುತ್ತದೆ, ಅಲ್ಲಿನ ದಿಬ್ಬ ಅದಕ್ಕಿಂತ ಕಡಿದಾಗಿತ್ತು, 45 ಡಿಗ್ರಿಗೂ ಮೇಲೆ. ನಿಜದಲ್ಲಿ ಅದು 18ರಿಂದ 25 ಮೀಟರ್ ಎತ್ತರ, ಅಂದರೆ ಆರೇಳು ಮಹಡಿ ಕಟ್ಟಡದಷ್ಟು. ಅದರ ಕೆಳಗೆ ಕಾಲುವೆಯ ಕಾಂಕ್ರೀಟ್ ಅಂಚು ಬೇರೆ. ನೀರು ಅಂಚಿಗಿಂತ ಕೆಳಗಿರುತ್ತಿತ್ತು. ದೋಣಿಯಿಂದ ಇಳಿದ ಕೂಡಲೇ ಕಾಲಿಡೋಕೆ ಜಾಗವೇ ಇಲ್ಲ.

ದಿಬ್ಬ ಕಟ್ಟಿ ಆದ ಮೇಲೆ ಒಂದು ಸಾಸಿವೆ ಕಾಳನ್ನು ನೀಲಿ ಬಟ್ಟೆಯ ಅಂಚಿನಲ್ಲಿ ಇಟ್ಟು, ಹಲಗೆಯ ಮಟ್ಟಕ್ಕೆ ಕಣ್ಣು ತಂದು ನೋಡಿ. ದಯವಿಟ್ಟು ಇದನ್ನು ಮಾಡಿ, ಮೇಲಿಂದ ನೋಡಿದರೆ ಏನೂ ತಿಳಿಯೋದಿಲ್ಲ. ಆ ಕಾಳಿನ ಜಾಗದಿಂದ ದಿಬ್ಬದ ತುದಿ ಎಲ್ಲಿದೆ ನೋಡಿ. ಅಲ್ಲಿಗೆ ಅವನು 25 ಕಿಲೋಗೂ ಮೇಲೆ ಹೊರೆ ಹೊತ್ತು ಹತ್ತಬೇಕಿತ್ತು.

ಎದುರಾಳಿ ಎಲ್ಲಿದ್ದಾನೆ

ಇಲ್ಲೇ ಜಾಸ್ತಿ ಜನ ತಪ್ಪು ಮಾಡೋದು. ಬಾರ್ ಲೆವ್ ರೇಖೆ ಅಂತ ಹೆಸರು ಕೇಳಿದ ಕೂಡಲೇ ದಡದುದ್ದಕ್ಕೂ ಕೋಟೆ ಇತ್ತು ಅಂದುಕೊಳ್ಳುತ್ತೇವೆ. ಅದನ್ನು ಕಟ್ಟಿದ ಕಾಲದ ಇಸ್ರೇಲ್ ಸೇನಾ ಮುಖ್ಯಸ್ಥ ಹೈಮ್ ಬಾರ್ ಲೆವ್ ಹೆಸರಿನ ಸಾಲು ಅದು. ಬಂಕರ್‌ಗಳ ಒಂದೊಂದು ಗುಂಪಿಗೂ ನಡುವೆ ಕಿಲೋಮೀಟರ್‌ಗಟ್ಟಲೆ ಖಾಲಿ ಜಾಗ. 1973ರ ಅಕ್ಟೋಬರ್‌ನಲ್ಲಿ ಜನ ಇದ್ದದ್ದು ಹದಿನಾರರಷ್ಟು ಠಾಣೆಗಳಲ್ಲಿ, ಒಟ್ಟು ಸುಮಾರು 450 ಸೈನಿಕರು. ಯಹೂದಿಗಳ ಹಬ್ಬದ ದಿನ ಬೇರೆ, ಯೋಮ್ ಕಿಪ್ಪೂರ್. ಹಾಗಾಗಿ ನಿಮ್ಮ ಒಂದು ಮೀಟರ್ ಹಲಗೆಯ ಮೇಲೆ ಠಾಣೆಯೇ ಇಡಬೇಡಿ. ಮುಂದಿನ ಠಾಣೆ ನಾಲ್ಕೈದು ಮೀಟರ್ ಆಚೆ, ಟೆರೇಸಿನ ಆ ಮೂಲೆಯಲ್ಲಿ ಸೀಮೆಸುಣ್ಣದ ಒಂದು ಗುರುತು, ಅಷ್ಟೇ.

ನಿಜವಾದ ಭಯ ಹಿಂದಿದೆ. ದಿಬ್ಬದಿಂದ ಪೂರ್ವಕ್ಕೆ ಟೇಪು ಹಿಡಿದು ಎಂಟು ಮೀಟರ್ ನಡೆಯಿರಿ. ಅಲ್ಲಿ ಒಂದು ಹಿಡಿ ಕಡಲೆಬೇಳೆ ಇಡಿ. ಎಂಟು ಕಿಲೋಮೀಟರ್ ಹಿಂದೆ ನಿಂತ ಟ್ಯಾಂಕ್‌ಗಳು ಅವು. ಕೂಗು ಕೇಳಿದ ಕೂಡಲೇ ಓಡಿ ಬಂದು ದಿಬ್ಬದ ಹತ್ತಿರ ಮೊದಲೇ ಮಾಡಿಟ್ಟ ಇಳಿಜಾರುಗಳ ಮೇಲೆ ನಿಂತು, ನೀರಿನಲ್ಲಿರುವ ದೋಣಿಗಳ ಮೇಲೆ ಗುಂಡು ಹಾರಿಸುವುದು ಅವುಗಳ ಕೆಲಸ. ದಾಟುವ ಕಡೆಯ ಟ್ಯಾಂಕ್‌ಗಳು ಮಾತ್ರ ಇನ್ನೂ ಪಶ್ಚಿಮ ದಡದಲ್ಲೇ ಇವೆ. ಅವು ಈಚೆ ಬರಬೇಕಾದರೆ ದಿಬ್ಬ ಒಡೆಯಬೇಕು, ಸೇತುವೆ ಹಾಕಬೇಕು.

ಅಂದರೆ ಮೊದಲ ಸಾಸಿವೆ ಕಾಳು ದಾಟಿದ ಹೊತ್ತಿಗೂ ಮೊದಲ ಕಡಲೆಬೇಳೆ ದಾಟುವ ಹೊತ್ತಿಗೂ ನಡುವೆ ಗಂಟೆಗಟ್ಟಲೆ ಸಮಯ. ಅಷ್ಟು ಹೊತ್ತು ಬರೀ ಕಾಲಾಳುಗಳು ಟ್ಯಾಂಕ್ ಎದುರು ನಿಲ್ಲಬೇಕು. ಕಾಲುವೆ ಯುದ್ಧ ಅಂದರೆ ನನ್ನ ಪ್ರಕಾರ ಇದೇ. ನೀರು ದಾಟೋದು ಸಣ್ಣ ಕೆಲಸ. ಮೊದಲು ದಾಟಿದವನ ಹಿಂದೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ ಅನ್ನೋದೇ ದೊಡ್ಡದು. ಅದಕ್ಕೇ ಹಲಗೆಯ ಪಕ್ಕ ಒಂದು ಉದ್ದನೆಯ ಕಾಗದ ಇಟ್ಟು ಮಧ್ಯಾಹ್ನ 2ರಿಂದ ಮಾರನೇ ದಿನ ಬೆಳಗ್ಗೆ 8ರ ತನಕ ಗಂಟೆಗಳನ್ನು ಗುರುತು ಹಾಕಿ. ಆಟ ಪೂರ್ತಿ ಈ ಕಾಗದದ ಮೇಲೇ ನಡೆಯಬೇಕು.

2 ಗಂಟೆಗೆ ಮುಂಚೆ

ಕಾಗದ ಶುರುವಾಗುವ ಮುಂಚಿನದ್ದನ್ನೂ ನೋಡಿ. ಆ ಬೆಳಗ್ಗೆ ಪಶ್ಚಿಮ ದಡದಲ್ಲಿ ಈಜಿಪ್ಟಿನ ಕೆಲವು ಸೈನಿಕರು ಹೆಲ್ಮೆಟ್ ಇಲ್ಲದೆ ಓಡಾಡುತ್ತಿದ್ದರು, ಈಜುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಕಿತ್ತಳೆ ಹಣ್ಣು ತಿನ್ನುತ್ತಿದ್ದರು. ಅದು ಅವರಿಗೆ ಕೊಟ್ಟ ಕೆಲಸವೇ ಆಗಿತ್ತು, ಎದುರಿನವರಿಗೆ ಇವತ್ತೂ ಎಂದಿನ ದಿನ ಅನ್ನಿಸಬೇಕು ಅಂತ. ಹಿಂದಿನ ರಾತ್ರಿ ಈಜುಗಾರರು ಹೋಗಿ, ನೀರಿಗೆ ಎಣ್ಣೆ ಬಿಟ್ಟು ಬೆಂಕಿ ಹಚ್ಚಲು ಇಸ್ರೇಲ್ ಇಟ್ಟಿದ್ದ ಕೊಳವೆಗಳ ಬಾಯಿಗೆ ಸಿಮೆಂಟು ಮೆತ್ತಿ ಬಂದಿದ್ದರು.

ಮಧ್ಯಾಹ್ನ 2 ಗಂಟೆ ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಟಾರ್ಚ್ ಹಿಡಿದು ತೋರಿಸಿ. ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ ಹೋಗುತ್ತಾನೆ, ದಾಟುವವರ ಬೆನ್ನಿಗೆ ಬಿಸಿಲು, ಕಾಯುವವರ ಕಣ್ಣಿಗೆ ಬಿಸಿಲು. ಅದೇ ದಿನ ಗೋಲನ್ ಗುಡ್ಡದಲ್ಲಿ ಪೂರ್ವದಿಂದ ಇಸ್ರೇಲ್ ಮೇಲೆ ದಾಳಿ ಮಾಡುವ ಸಿರಿಯಾಕ್ಕೆ ಬೆಳಗಿನ ಹೊತ್ತು ಬೇಕಿತ್ತು. ಇಬ್ಬರೂ ಮಾತಾಡಿ ಕೊನೆಗೆ 2 ಗಂಟೆಗೆ ಒಪ್ಪಿಕೊಂಡರು. ಸಂಜೆ ಸೂರ್ಯ ಮುಳುಗಿದ ಮೇಲೆ ಸೇತುವೆ ಹಾಕೋಕೆ ಬೆಳದಿಂಗಳು ಸಿಗಬೇಕು. ಅವತ್ತು ರಂಜಾನ್ ತಿಂಗಳ ಹತ್ತನೇ ದಿನ, ಅಂದರೆ ಅರ್ಧ ರಾತ್ರಿಯವರೆಗೆ ಚಂದ್ರ ಇರುತ್ತಾನೆ, ಆಮೇಲೆ ಕತ್ತಲು. ಒಂದು ದಿನ ಆರಿಸಲು ಎಷ್ಟು ಲೆಕ್ಕ ನೋಡಿ.

ಮೊದಲ ಸಾಸಿವೆ

2 ಗಂಟೆಗೆ ವಿಮಾನಗಳು, ಅದರ ಬೆನ್ನಿಗೇ ಸುಮಾರು 2000 ಫಿರಂಗಿಗಳು. ಮೊದಲ ಒಂದೇ ನಿಮಿಷದಲ್ಲಿ 10,500 ಶೆಲ್ ಬಿದ್ದವು ಅಂತ ಈಜಿಪ್ಟಿನ ಲೆಕ್ಕ. ಆ ಸದ್ದಿನ ಅಡಿಯಲ್ಲೇ ಟ್ಯಾಂಕ್ ಬೇಟೆಯ ಸಣ್ಣ ತುಕಡಿಗಳು ಮೊದಲು ದಾಟಿದವು. ಇಸ್ರೇಲಿ ಟ್ಯಾಂಕ್‌ಗಳು ಬಂದು ನಿಲ್ಲಬೇಕಾದ ಇಳಿಜಾರುಗಳಿಗೆ ಟ್ಯಾಂಕ್‌ಗಿಂತ ಮುಂಚೆ ಹೋಗಿ ಕಾಯುವುದು ಅವರ ಕೆಲಸ. 2:20ರ ಹೊತ್ತಿಗೆ ಮೊದಲ ಅಲೆ, 720 ರಬ್ಬರ್ ದೋಣಿಗಳಲ್ಲಿ 4000 ಜನ.

ಈಗ ಲೆಕ್ಕ ಮಾಡಿ. 4000 ಜನ ಐದು ಡಿವಿಷನ್‌ಗೆ ಹಂಚಿದರೆ ತಲಾ 800. ಒಂದು ಡಿವಿಷನ್ ಸುಮಾರು 8 ಕಿಲೋಮೀಟರ್ ದಡ ಹಿಡಿಯಬೇಕು ಅಂತ ಇಟ್ಟುಕೊಳ್ಳಿ. ನಿಮ್ಮ ಹಲಗೆಗೆ ಬರುವುದು ಬರೀ 100 ಕಾಳು. ಎಣಿಸಿ ಇಡಿ. ಒಗ್ಗರಣೆಗೆ ಹಾಕುವ ಚಿಟಿಕೆಗಿಂತ ಜಾಸ್ತಿ ಇಲ್ಲ. ನಮ್ಮ ಅಕ್ಕನ ಮಗಳು ಎಣಿಸಿ ಇಟ್ಟು, ಎಂಟು ಮೀಟರ್ ಆಚೆ ಇರುವ ಬೇಳೆಯ ರಾಶಿ ನೋಡಿ, "ಇಷ್ಟೇನಾ ಮಾಮ?" ಅಂತ ಕೇಳಿದಳು. ನನಗೆ ಉತ್ತರ ಕೊಡೋಕೆ ಆಗಲಿಲ್ಲ.

ದೋಣಿಗಳನ್ನು ನೇರ ಗೆರೆಯಲ್ಲಿ ಎಳೆಯಬೇಡಿ. ಸೂಯೆಜ್‌ನಲ್ಲಿ ಸಮುದ್ರದ ಉಬ್ಬರ ಇಳಿತಕ್ಕೆ ನೀರಿನ ಹರಿವೇ ದಿಕ್ಕು ಬದಲಿಸುತ್ತದೆ, ದಕ್ಷಿಣದ ತುದಿಯಲ್ಲಿ ನಿಮಿಷಕ್ಕೆ 90 ಮೀಟರ್‌ವರೆಗೂ ಹರಿಯುತ್ತದೆ. ಐದು ನಿಮಿಷ ಹುಟ್ಟು ಹಾಕುವಷ್ಟರಲ್ಲಿ ಸುಮ್ನೆ ಬಿಟ್ಟರೆ ದೋಣಿ 450 ಮೀಟರ್ ಪಕ್ಕಕ್ಕೆ, ಅಂದರೆ ನಿಮ್ಮ ಹಲಗೆಯ ಅರ್ಧದಷ್ಟು ದೂರ, ಸರಿದುಬಿಡುತ್ತದೆ. ಹಾಗಾಗಿ ಮೊದಲು ಹೋದವರು ದಿಬ್ಬದ ಮೇಲೆ ಗುರುತಿನ ಹಲಗೆಗಳನ್ನು ನೆಟ್ಟರು, ಹಿಂದಿನವರು ಅದನ್ನು ನೋಡಿ ಬಂದರು. ದೋಣಿಯ ಜೊತೆ ಎಂಜಿನಿಯರ್‌ಗಳೂ ಇರುತ್ತಿದ್ದರು, ಜನರನ್ನು ಇಳಿಸಿ ಖಾಲಿ ದೋಣಿಯನ್ನು ವಾಪಸ್ ತರಲು. ಈ ವಾಪಸ್ ಬರುವ ದೋಣಿಯನ್ನು ಮರೆತವರ ಮಾಡೆಲ್‌ನಲ್ಲಿ ಎರಡನೇ ಅಲೆಯೇ ಇರೋದಿಲ್ಲ.

ದಿಬ್ಬ ಹತ್ತಲು ಹಗ್ಗದ ಏಣಿ. ಅಡ್ಡಪಟ್ಟಿಗಳಿರುವ ಸುರುಳಿ, ಮೇಲಕ್ಕೆ ಹೋದವನು ಅದನ್ನು ಬಿಚ್ಚಿ ಕೆಳಕ್ಕೆ ಬಿಡುತ್ತಾನೆ, ಮಿಕ್ಕವರು ಅದರ ಮೇಲೆ ಕಾಲಿಟ್ಟು ಬರುತ್ತಾರೆ. ನೀವು ದಾರಕ್ಕೆ ಬೆಂಕಿಕಡ್ಡಿ ಕಟ್ಟಿ ಒಂದು ಮಾಡಿ. ಆಮೇಲೆ ಸಣ್ಣ ಕೈಗಾಡಿಗಳು ಇದ್ದವು. ಮದ್ದುಗುಂಡು, ಕ್ಷಿಪಣಿ, ನೆಲಬಾಂಬು ತುಂಬಿಕೊಂಡು ಕೈಯಲ್ಲಿ ಎಳೆಯುವಂಥವು, ಯಾಕೆಂದರೆ ಲಾರಿ ಬರೋಕೆ ರಾತ್ರಿಯೇ ಆಗುತ್ತದೆ. ಸಂಜೆ 5:30ರ ಹೊತ್ತಿಗೆ ಹನ್ನೆರಡು ಅಲೆಗಳಲ್ಲಿ 32,000 ಜನ ದಾಟಿದ್ದರು. ನಿಮ್ಮ ಹಲಗೆಗೆ 800 ಕಾಳು, ಒಂದು ಟೀ ಚಮಚ.

ಮೂರು ಮೀಟರ್, ಮೂವತ್ತು ಸೆಂಟಿಮೀಟರ್

ಈಗ ಸೀಮೆಸುಣ್ಣ ತೊಗೊಳ್ಳಿ. ದಿಬ್ಬದಿಂದ ಪೂರ್ವಕ್ಕೆ 30 ಸೆಂಟಿಮೀಟರ್‌ಗೆ ಒಂದು ಗೆರೆ, 50ಕ್ಕೆ ಒಂದು, ಮೂರು ಮೀಟರ್‌ಗೆ ಒಂದು. ಕಾಲಾಳು ಹೆಗಲ ಮೇಲಿಟ್ಟು ಹೊಡೆಯುವ ಆರ್‌ಪಿಜಿ ಓಡುವ ಟ್ಯಾಂಕ್‌ಗೆ ಸುಮಾರು 300 ಮೀಟರ್ ಒಳಗೆ ಕೆಲಸಕ್ಕೆ ಬರುತ್ತದೆ. ಸೋವಿಯತ್ ಸ್ಯಾಗರ್ ಕ್ಷಿಪಣಿ 3 ಕಿಲೋಮೀಟರ್‌ವರೆಗೆ ಹೋಗುತ್ತದೆ, ಆದರೆ 500 ಮೀಟರ್ ಒಳಗೆ ಅದನ್ನು ತಿರುಗಿಸಿ ಗುರಿ ಮುಟ್ಟಿಸುವುದು ಕಷ್ಟ. ಸೂಟ್‌ಕೇಸ್ ಥರದ ಪೆಟ್ಟಿಗೆಯಲ್ಲಿ ಹೊತ್ತು ತಂದು, ಪೆಟ್ಟಿಗೆಯ ಮುಚ್ಚಳದ ಮೇಲೇ ಇಟ್ಟು, ಹಿಂದೆ ಬಿಚ್ಚಿಕೊಳ್ಳುವ ತಂತಿಯ ಮೂಲಕ ಒಂದು ಸಣ್ಣ ಹಿಡಿಕೆಯಿಂದ ನಡೆಸುವ ಕ್ಷಿಪಣಿ ಅದು. ಹಾರುವ ಅಷ್ಟೂ ಹೊತ್ತು, ಎದುರಿನಿಂದ ಗುಂಡು ಬರುತ್ತಿದ್ದರೂ, ಹಿಡಿಕೆ ಹಿಡಿದವನು ಕಣ್ಣು ತೆಗೆಯುವಂತಿಲ್ಲ. ದೂರದ್ದು ಸ್ಯಾಗರ್, ಹತ್ತಿರದ್ದು ಆರ್‌ಪಿಜಿ.

ಗೆರೆ ಎಳೆದ ಮೇಲೆ ಬೇಳೆಗಳನ್ನು ಎಂಟು ಮೀಟರ್‌ನಿಂದ ಒಂದೊಂದಾಗಿ ಮುಂದಕ್ಕೆ ತನ್ನಿ. ಆ ದಿನ ಅವು ನಿಜವಾಗಲೂ ಹೀಗೇ ಬಂದವು, ಕಾಲಾಳು ಜೊತೆಗಿಲ್ಲದೆ, ಬಿಡಿಬಿಡಿಯಾಗಿ, ಠಾಣೆಯಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು. ಮೂರು ಮೀಟರ್ ಗೆರೆ ದಾಟಿದ ಕೂಡಲೇ ಏನಾಗುತ್ತದೆ ಅಂತ ನೀವೇ ಹೇಳ್ತೀರಿ. ಟ್ಯಾಂಕ್ ಒಳಗಿದ್ದವರೂ ಇಪ್ಪತ್ತರ ಆಸುಪಾಸಿನ ಹುಡುಗರೇ. ಬೇಳೆ ತೆಗೆದಿಡುವಾಗ ಅದನ್ನೂ ಮಕ್ಕಳಿಗೆ ಹೇಳಿ.

ಸಿರಿಂಜ್ ಕೆಲಸ

ಇದಕ್ಕೆ ಬೇರೆ ತಟ್ಟೆ ತೊಗೊಳ್ಳಿ. ಒಂದು ಕಡೆ ಮರಳಿನ ದಿಬ್ಬ, ಇನ್ನೊಂದು ಕಡೆ ಅಷ್ಟೇ ಎತ್ತರಕ್ಕೆ ಜೇಡಿಮಣ್ಣು ಜಾಸ್ತಿ ಬೆರೆಸಿದ ದಿಬ್ಬ. ಒಂದು ಗೇಣು ಎತ್ತರ ಇರಲಿ.

ಟ್ಯಾಂಕ್ ಹೋಗುವಂತೆ 7 ಮೀಟರ್ ಅಗಲದ ಒಂದು ದಾರಿ ಬಿಡಿಸಲು 1500 ಘನ ಮೀಟರ್ ಮರಳು ತೆಗೆಯಬೇಕಿತ್ತು. ಟಿಪ್ಪರ್‌ಗೆ 10 ಘನ ಮೀಟರ್ ಅಂತ ಹಿಡಿದರೆ 150 ಟಿಪ್ಪರ್. ಸ್ಫೋಟಕ, ಬುಲ್ಡೋಜರ್ ಹಾಕಿದರೂ ಐದಾರು ಗಂಟೆ ಆಗುತ್ತಿತ್ತು, ಅದೂ ಗುಂಡಿನ ಮಳೆಯ ನಡುವೆ. ಅಷ್ಟರಲ್ಲಿ ಆಚೆ ದಡದ ಕಾಲಾಳು ಸತ್ತೇ ಹೋಗುತ್ತಾನೆ. ದಾರಿ ತೋರಿಸಿದ್ದು ಬಾಕಿ ಝಕಿ ಯೂಸೆಫ್ ಅನ್ನೋ ಯುವ ಎಂಜಿನಿಯರ್ ಅಧಿಕಾರಿ. ಅಸ್ವಾನ್ ಅಣೆಕಟ್ಟಿನಲ್ಲಿ ಕೆಲಸ ಮಾಡಿದ್ದವರು, ಅಲ್ಲಿ ನೀರು ಚಿಮ್ಮಿಸಿ ಮರಳು ಸರಿಸುವುದನ್ನು ಕಂಡಿದ್ದವರು. ಕಾಲುವೆಯ ನೀರನ್ನೇ ಎತ್ತಿ ದಿಬ್ಬಕ್ಕೆ ಹೊಡೆದರೆ? ಬ್ರಿಟನ್‌ನಿಂದ 300 ಪಂಪ್, ಆಮೇಲೆ ಜರ್ಮನಿಯಿಂದ ಇನ್ನೂ ಜೋರಾದ 150 ಪಂಪ್ ತರಿಸಿದರು. ಒಂದು ದಾರಿಗೆ ಎರಡು ಮೂರು ಗಂಟೆ ಸಾಕಾಯಿತು.

ಸಿರಿಂಜ್‌ನಲ್ಲಿ ನೀರು ತುಂಬಿ ಮರಳ ದಿಬ್ಬದ ಬುಡಕ್ಕೆ ಹೊಡೆಯಿರಿ. ಮೇಲೆ ಹೊಡೆದರೆ ಬರೀ ಗುಳಿ ಬೀಳುತ್ತದೆ, ಬುಡಕ್ಕೆ ಹೊಡೆದರೆ ಮೇಲಿನದ್ದು ತಾನಾಗಿಯೇ ಕುಸಿದು ನೀರಿನ ಜೊತೆ ಹರಿದು ಹೋಗುತ್ತದೆ. ನಮ್ಮ ತಟ್ಟೆಯಲ್ಲಿ ಹತ್ತು ಸಿರಿಂಜ್‌ಗೆ ದಾರಿ ಆಯಿತು. ಈಗ ಜೇಡಿಮಣ್ಣಿಗೆ ಹೊಡೆಯಿರಿ. ಹರಿಯೋದಿಲ್ಲ. ಕೆಸರಾಗಿ ಅಲ್ಲೇ ಕೂರುತ್ತದೆ. ಬೆರಳು ಇಟ್ಟರೆ ಒಳಗೆ ಹೋಗುತ್ತದೆ, ಟ್ಯಾಂಕ್ ಇಟ್ಟರೆ ಹೂತುಕೊಳ್ಳುತ್ತದೆ. ಈಜಿಪ್ಟಿನದೇ ಉತ್ತರದ ಎರಡನೇ ಸೇನೆಗೂ ದಕ್ಷಿಣದ ಮೂರನೇ ಸೇನೆಗೂ ಆ ರಾತ್ರಿ ಆದ ವ್ಯತ್ಯಾಸ ಇದೇ. ಉತ್ತರದಲ್ಲಿ ಕತ್ತಲಾಗುತ್ತಿದ್ದ ಹಾಗೆ ದಾರಿಗಳು ತೆರೆದುಕೊಂಡವು, ರಾತ್ರಿ ಸೇತುವೆಗಳು ಬಿದ್ದವು. ದಕ್ಷಿಣದಲ್ಲಿ ಮಣ್ಣಿಗೆ ಜೇಡಿ ಬೆರೆತಿತ್ತು, ಕೆಲವು ಕಡೆ ಸೇತುವೆಗೆ ಮಾರನೇ ಬೆಳಗಾಯಿತು. ಕಾಗದದ ಮೇಲೆ ಎರಡು ಬಣ್ಣದಲ್ಲಿ ಗೆರೆ ಎಳೆದು ಪಕ್ಕಪಕ್ಕ ನೋಡಿ. ಆ ಉಳಿದ ಗಂಟೆಗಳನ್ನೆಲ್ಲ ದಕ್ಷಿಣದ ಕಾಲಾಳು ಆರ್‌ಪಿಜಿ ಹಿಡಿದುಕೊಂಡೇ ಕಳೆದ.

ಸೇತುವೆಗೆ ರಟ್ಟಿನ ತುಂಡುಗಳನ್ನು ಜೋಡಿಸಿ. ನಿಜದಲ್ಲಿ ಸೋವಿಯತ್ ಪಿಎಂಪಿ ಸೇತುವೆ, ಮಡಿಸಿದ ತುಂಡುಗಳನ್ನು ಲಾರಿಯಿಂದ ನೀರಿಗೆ ಬಿಟ್ಟರೆ ತಾವೇ ಬಿಚ್ಚಿಕೊಂಡು ತೇಲುತ್ತವೆ, ಜೋಡಿಸುತ್ತಾ ಹೋಗೋದು. ವಿಮಾನ ಬಂದು ಒಂದು ತುಂಡು ಒಡೆದರೆ ಅದನ್ನು ಕಳಚಿ ಬೇರೆಯದು ಹಾಕುತ್ತಿದ್ದರು. ಆ ಸೇತುವೆಗಳ ಮೇಲೆ ನಿಂತು ಕೆಲಸ ಮಾಡಿಸುತ್ತಿದ್ದ ಎಂಜಿನಿಯರ್ ಅಧಿಕಾರಿ ಅಹ್ಮದ್ ಹಮ್ದಿ ಅದೇ ಯುದ್ಧದಲ್ಲಿ ಸತ್ತರು. ಇವತ್ತು ಸೂಯೆಜ್ ಕಾಲುವೆಯ ಕೆಳಗೆ ಹೋಗುವ ಸುರಂಗಕ್ಕೆ ಅವರದೇ ಹೆಸರು.

ಬೆಳಗ್ಗೆ 8ಕ್ಕೆ ಕಾಗದ ಮುಗಿಯುತ್ತದೆ. ಈಜಿಪ್ಟ್ ಸೇನಾ ಮುಖ್ಯಸ್ಥ ಸಾದ್ ಅಲ್ ಶಾಜ್ಲಿ ಕೊಟ್ಟ ಲೆಕ್ಕದಂತೆ ಅಷ್ಟು ಹೊತ್ತಿಗೆ 90,000 ಜನ, 850 ಟ್ಯಾಂಕ್ ಪೂರ್ವ ದಡದಲ್ಲಿದ್ದವು. ಸತ್ತವರು ಮುನ್ನೂರರ ಒಳಗೆ. ಸಾವಿರಾರು ಜನ ಸಾಯಬಹುದು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಇಂಥ ಅಂಕಿಗಳು ಎರಡೂ ಕಡೆಯ ಬರಹಗಳಲ್ಲಿ ಬೇರೆಬೇರೆ ಸಿಗುತ್ತವೆ. ಯಾರ ಲೆಕ್ಕ ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಬೇಡಿ, ಇನ್ನೊಂದು ಗೆರೆ ಬಾಕಿ ಇದೆ. ದಡದಿಂದ ಪೂರ್ವಕ್ಕೆ ಹತ್ತು ಮೀಟರ್‌ಗೆ ಎಳೆಯಿರಿ. ಹೆಚ್ಚುಕಡಿಮೆ ಅಲ್ಲಿವರೆಗೆ ಪಶ್ಚಿಮ ದಡದ ವಿಮಾನ ನಿರೋಧಕ ಕ್ಷಿಪಣಿಗಳ ನೆರಳು ಇತ್ತು. ಅಕ್ಟೋಬರ್ 14ರಂದು ಈಜಿಪ್ಟಿನ ಟ್ಯಾಂಕ್‌ಗಳು ಆ ನೆರಳು ಬಿಟ್ಟು ಮುಂದೆ ಹೋದವು, ಒಂದೇ ದಿನದಲ್ಲಿ 200ಕ್ಕೂ ಜಾಸ್ತಿ ನಾಶವಾದವು. ಶಾಜ್ಲಿ ಬೇಡ ಅಂದಿದ್ದರು. ಮರುದಿನ ರಾತ್ರಿ ಇಸ್ರೇಲ್ ಎರಡನೇ ಮತ್ತು ಮೂರನೇ ಸೇನೆಯ ನಡುವಿನ ಸಂದಿಯಲ್ಲಿ, ದೊಡ್ಡ ಕಹಿ ಸರೋವರದ ಉತ್ತರ ತುದಿಯ ದೆವೆರ್ಸ್ವಾರ್ ಬಳಿ, ಉಲ್ಟಾ ದಿಕ್ಕಿಗೆ ದಾಟಿತು. ಇಸ್ರೇಲಿ ಜನರಲ್ ಏರಿಯಲ್ ಶರೋನ್ ಅಲ್ಲಿ ದಿಬ್ಬವನ್ನು ಮೊದಲೇ ತೆಳ್ಳಗೆ ಮಾಡಿಸಿ ಕೆಂಪು ಇಟ್ಟಿಗೆಯಿಂದ ಗುರುತು ಹಾಕಿಸಿದ್ದರು. ಹಲಗೆ ತಿರುಗಿಸಿ, ಮತ್ತೆ 100 ಕಾಳು, ಮತ್ತೆ ಅದೇ ಪ್ರಶ್ನೆ. ಸೇತುವೆ ಬರುವ ದಾರಿಯನ್ನು ಬಿಡಿಸಿಕೊಳ್ಳಲು ಚೈನೀಸ್ ಫಾರ್ಮ್ ಅನ್ನುವ ಜಾಗದಲ್ಲಿ ಎರಡೂ ಕಡೆ ನೂರಾರು ಜನ ಸತ್ತರು.

ಮುಂದಿನ ಹಲಗೆ

ಇದು ಕೈಗೆ ಹತ್ತಿದ ಮೇಲೆ ಬೇರೆ ಕಾಲುವೆ ಮಾಡಿ. ಫ್ರಾನ್ಸ್‌ನ ಸೇಂಟ್ ಕ್ವೆಂಟಿನ್, 1918ರ ಸೆಪ್ಟೆಂಬರ್ 29: ಮಂಜಿನಲ್ಲಿ, ಇಂಗ್ಲಿಷ್ ಚಾನೆಲ್ ಸಮುದ್ರ ದಾಟುವ ಹಡಗುಗಳಿಂದ ತರಿಸಿದ ಜೀವರಕ್ಷಕ ಬೆಲ್ಟ್ ಕಟ್ಟಿಕೊಂಡು ಬ್ರಿಟಿಷರ 46ನೇ ಡಿವಿಷನ್ ದಾಟಿತು, ರಿಕೆವಾಲ್ ಸೇತುವೆಯನ್ನು ಜರ್ಮನರು ಸಿಡಿಸುವ ಮುಂಚೆ ಒಬ್ಬ ಕ್ಯಾಪ್ಟನ್ ಒಂಬತ್ತು ಜನರೊಂದಿಗೆ ಓಡಿ ಹಿಡಿದ. ಲಾಹೋರ್ ಹತ್ತಿರದ ಇಚ್ಛೋಗಿಲ್, 1965ರ ಸೆಪ್ಟೆಂಬರ್ 6: ನಮ್ಮ 3 ಜಾಟ್ ಬೆಟಾಲಿಯನ್ ಕಾಲುವೆ ದಾಟಿತು, ಹಿಂದೆ ಸಹಾಯ ಬರಲಿಲ್ಲ, ವಾಪಸ್ ಬರಬೇಕಾಯಿತು, ಅದೇ ಕಾಲುವೆ ದಡದ ಊರು ದೋಗ್ರಾಯ್‌ಗಾಗಿ ಎರಡು ವಾರ ಬಿಟ್ಟು ಸೆಪ್ಟೆಂಬರ್ 21ರ ರಾತ್ರಿ ಮತ್ತೆ ಕಾದಿತು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಮತ್ತೆ ಸೂಯೆಜ್, ಆದರೆ 1915ರ ಫೆಬ್ರವರಿ 3. ಈ ಸಲ ದಾಟುವವರು ತುರ್ಕರು, ಕಾಯುವವರಲ್ಲಿ ಬಹುಪಾಲು ಭಾರತದ ಸೈನಿಕರು. ಆ ತಿಂಗಳುಗಳಲ್ಲಿ ಕಾಲುವೆ ಕಾಯುತ್ತಿದ್ದ ಸಂಸ್ಥಾನಗಳ ಅಶ್ವದಳದ ಬ್ರಿಗೇಡ್‌ನಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಇದೆ, ಹಲಗೆ ಮಾಡುವ ಮುಂಚೆ ಒಂದು ಸಲ ಹೋಗಿ ಬನ್ನಿ. ಇಲ್ಲಿ ದೊಡ್ಡ ದಿಬ್ಬ ಬೇಡ, ಟ್ಯಾಂಕ್ ಬೇಡ. ತಗಡಿನ ದೋಣಿಗಳನ್ನು ಸಿನಾಯ್ ಮರುಭೂಮಿ ಪೂರ್ತಿ ಎಳೆದುಕೊಂಡು ಬಂದಿದ್ದರು. ತೂಸೂಮ್ ಬಳಿ ಕತ್ತಲಲ್ಲಿ ನೀರಿಗೆ ಇಳಿಸಿದಾಗ ಗುಂಡು ಶುರುವಾಯಿತು, ಪಶ್ಚಿಮ ದಡ ಮುಟ್ಟಿದ್ದು ಬರೀ ಮೂರು ದೋಣಿ. ಮೂರು ಅಕ್ಕಿ ಕಾಳನ್ನು ಈಚೆ ದಡದಲ್ಲಿ ಇಡಿ, ಕಾಗದದ ಮೇಲೆ ಗಂಟೆ ಸರಿಸುತ್ತಾ ಹೋಗಿ. ನಾಲ್ಕನೆಯದು ಬರುವುದಿಲ್ಲ. ದಾಟಿದವರಲ್ಲಿ ಕೆಲವರು ಅಲ್ಲೇ ಸತ್ತರು, ಮಿಕ್ಕವರು ಸೆರೆ ಸಿಕ್ಕರು.